ಎರಡನೆಯ ಗುಂಡಿ

ಭಾನುವಾರ ಬೆಳಿಗ್ಗೆ ಹಗ್ಗದ ಮೇಲಿದ್ದ ಅಂಗಿಗಳೆಲ್ಲ ಇನ್ನೂ ಹಸಿ. ಒಣಗಿದ್ದು ನೀರಿನ ಇಲಾಖೆಯ ನೀಲಿ ಅಂಗಿ ಒಂದೇ. ರಜೆಯ ದಿನ ಅದನ್ನೇ ಏರಿಸಿಕೊಂಡು ಹೊರಟದ್ದು ಮೀಟರಣ್ಣನ ಮೊದಲ ತಪ್ಪು. ಅದರ ಎರಡನೆಯ ಗುಂಡಿ ಕಿತ್ತುಹೋಗಿತ್ತು. ಹೆಂಡತಿ ಸೂಜಿ ದಾರ ಹಿಡಿದು ಬಾಗಿಲವರೆಗೂ ಬಂದು, "ಎರಡು ನಿಮಿಷ ನಿಂತ್ಕೊಳ್ರೀ, ಹೊಲಿದುಬಿಡ್ತೀನಿ," ಅಂದಳು. ಕವಿಗೆ ಗುಂಡಿಯ ಗೊಡವೆ ಯಾಕೆ ಅಂದುಕೊಂಡು ಮೀಟರಣ್ಣ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟ.

ಮನೆಮನೆಗೆ ಹೋಗಿ ನೀರಿನ ಮೀಟರಿನ ಅಂಕಿ ಬರೆದುಕೊಳ್ಳುವುದು ಅವನ ಕೆಲಸ. ಇಪ್ಪತ್ತು ವರ್ಷ ಅಂಕಿ ಬರೆದು ಬೇಜಾರಾಗಿ, ಇನ್ನು ಅಕ್ಷರ ಬರೆಯೋಣ ಅನ್ನಿಸಿ, ಲೈಬ್ರರಿಯ ಮಹಡಿಯ ಕವಿತೆ ತರಗತಿಗೆ ಸೇರಿದ್ದ. ಅಲ್ಲಿ ಪ್ರೇಮಕ್ಕೂ ವಿರಹಕ್ಕೂ ಪ್ರವೇಶವಿಲ್ಲ. ಜಾಗದ ಬಗ್ಗೆ ಮಾತ್ರ ಬರೆಯಬೇಕು: ಬೆಟ್ಟ, ಬಯಲು, ಬೀದಿ, ಏನಾದರೂ ಸರಿ. ಕಲಿಸುವ ಮೇಡಂ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಕವಿತೆಯನ್ನು ಕೋಣೆಯಲ್ಲಿ ಕೂತು ಓದಿದರೆ ಅವರಿಗೆ ಸಮಾಧಾನವಿಲ್ಲ. ಇಡೀ ತರಗತಿ ಆ ಜಾಗಕ್ಕೇ ಹೋಗಬೇಕು, ಕವಿ ಒಂದೊಂದೇ ಸಾಲು ಓದಬೇಕು, ಉಳಿದವರು ಕತ್ತು ತಿರುಗಿಸಿ ಅದು ಅಲ್ಲಿದೆಯೋ ಇಲ್ಲವೋ ನೋಡಬೇಕು. ಇದ್ದರೆ ಕವಿತೆ, ಇಲ್ಲದಿದ್ದರೆ ಸುಳ್ಳು. ಮೂರು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಕೊನೆಯಲ್ಲಿ ಅಚ್ಚಾಗುವ ಪುಸ್ತಕದಲ್ಲಿ ಜಾಗವಿಲ್ಲ.

ಮೀಟರಣ್ಣ ಆಗಲೇ ಎರಡು ಸಲ ಸಿಕ್ಕಿಬಿದ್ದಿದ್ದ. ಮೊದಲನೆಯದರಲ್ಲಿ ಮಂಜು ಹೊದ್ದ ಬೆಟ್ಟವಿತ್ತು. ತರಗತಿ ಏದುಸಿರು ಬಿಡುತ್ತ ಹತ್ತಿ ನೋಡಿದರೆ ನೆತ್ತಿ ಸುಡುವ ಬಿಸಿಲು. ಎರಡನೆಯದರಲ್ಲಿ ಕೆರೆಯ ಮೇಲೆ ತೇಲುವ ನಾಲ್ಕು ಹಂಸಗಳಿದ್ದವು. ಮೇಡಂ ಕನ್ನಡಕ ಒರೆಸಿಕೊಂಡು ನೋಡಿದಾಗ ಅವು ನಾಲ್ಕು ಪ್ಲಾಸ್ಟಿಕ್ ಚೀಲಗಳಾಗಿದ್ದವು. ದೂರದಿಂದ ಹಾಗೇ ಕಂಡಿತು ಅಂತ ಇವನು ಗೋಗರೆದರೂ ಅವರು ಕರಗಲಿಲ್ಲ.

ಇಂದು ಸಂಜೆ ಐದಕ್ಕೆ ಮೂರನೆಯ, ಕೊನೆಯ ಸರದಿ. ಇತ್ತ ಹೆಂಡತಿ, ನಮ್ಮವರ ಕವಿತೆ ಪುಸ್ತಕದಲ್ಲಿ ಬರುತ್ತದೆ ಅಂತ ಅಕ್ಕನಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಅಕ್ಕನ ಗಂಡ, ಅಂದರೆ ಮೀಟರಣ್ಣನ ಷಡ್ಡಕ, ವಾರಕ್ಕೊಮ್ಮೆ ಫೋನು ಮಾಡಿ "ಏನ್ರೀ ಕವಿಗಳೇ, ಪುಸ್ತಕ ಎಲ್ಲಿ?" ಅಂತ ಕೇಳಿ ಗಂಟಲಲ್ಲೇ ನಗುತ್ತಿದ್ದ. ಆ ನಗು ನಿಲ್ಲಿಸುವುದೊಂದೇ ಈಗ ಮೀಟರಣ್ಣನ ಬಾಳಿನ ಗುರಿ.

ಬೆಟ್ಟ ಕೆರೆಗಳ ಸಹವಾಸವೇ ಬೇಡ ಅಂತ ಈ ಸಲ ಅವನು ಲೈಬ್ರರಿಯ ಹಿಂದಿನ ಬೀದಿಯನ್ನು ಆರಿಸಿಕೊಂಡಿದ್ದ. ತಿಂಗಳಿಗೊಮ್ಮೆ ಮೀಟರ್ ನೋಡಲು ಬರುವ ಬೀದಿ. ಹತ್ತು ಗಂಟೆಗೆ ಬಂದು, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತ. ನೋಡಿದ, ಬರೆದ, ಹೊಡೆದುಹಾಕಿದ, ಮತ್ತೆ ನೋಡಿದ.

ಎದುರಿನ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಇಣುಕಿದರು. "ಏನಣ್ಣಾ, ಭಾನುವಾರನೂ ಬಂದಿದೀರಾ? ಏನದು ಬರ್ಕೊಳ್ತಿರೋದು?"

ಕವಿತೆ ಅನ್ನುವ ಹಾಗಿರಲಿಲ್ಲ. ನೋಡುತ್ತಿದ್ದಾರೆ ಅಂತ ಗೊತ್ತಾದರೆ ಜಾಗವೂ ಫೋಟೋಕ್ಕೆ ನಿಂತವರ ಹಾಗೆ ಬಿಗಿದುಕೊಳ್ಳುತ್ತದೆ, ಯಾರಿಗೂ ಹೇಳಕೂಡದು ಎಂಬುದು ಮೇಡಂ ಅವರ ಕಟ್ಟಪ್ಪಣೆ.

"ಏನಿಲ್ಲಮ್ಮಾ, ಸುಮ್ನೆ ನೋಡ್ತಿದೀನಿ," ಅಂದ.

ಇಲಾಖೆಯ ಅಂಗಿ ಹಾಕಿದವನು ಸುಮ್ಮನೆ ನೋಡುತ್ತಿದ್ದೇನೆ ಅಂದರೆ ಯಾರ ಎದೆ ತಾನೆ ನಡುಗುವುದಿಲ್ಲ? ಟೈಲರಮ್ಮ ಪಕ್ಕದ ಸೈಕಲ್ ಶಾಪಿನವನ ಕಿವಿ ಕಚ್ಚಿದರು. ಅವನು ಅರ್ಜಿ ತಾತನ ಮನೆಗೆ ಓಡಿದ. ಈ ತಾತ ಯಾವುದೋ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಬೀದಿಯಲ್ಲಿ ನಾಯಿ ಬೊಗಳಿದರೂ ಅರ್ಜಿ, ಬೊಗಳದಿದ್ದರೂ ಅರ್ಜಿ. ಸುದ್ದಿ ಕೇಳಿದ್ದೇ ಅವರು ಕಿಟಕಿಯ ಪರದೆ ಸರಿಸಿ, ಕಾಗದ ಎಳೆದುಕೊಂಡು ಕೂತರು.

ಮಧ್ಯಾಹ್ನ ಒಂದರ ಹೊತ್ತಿಗೆ ಕವಿತೆ ಮುಗಿಯಿತು.

ಮೂಲೆಯ ನಲ್ಲಿ ತೊಟ್ಟಿಕ್ಕುತ್ತಲೇ ಇದೆ,
ಕೆಳಗಿನ ತಗ್ಗಿನಲ್ಲಿ ಎರಡು ಗುಬ್ಬಿಗಳ ಸ್ನಾನ.
ಬೆಂಚಿಗೆ ಮೂರೇ ಕಾಲು, ನಾಲ್ಕನೆಯದು ಇಟ್ಟಿಗೆ.
ಒಂದೇ ಮೊಳೆಗೆ ಜೋತುಬಿದ್ದ ಟೈಲರ್ ಬೋರ್ಡು
ಗಾಳಿ ಬಂದಾಗಲೆಲ್ಲ ಬೀದಿಗೆ ತಲೆಬಾಗುತ್ತದೆ.
ಚಕ್ರವಿಲ್ಲದ ಸೈಕಲ್ಲಿಗೆ ಎಲ್ಲಿಗೂ ಅವಸರವಿಲ್ಲ.

ಓದಿಕೊಂಡಾಗ ಅವನಿಗೇ ಕಣ್ಣು ತುಂಬಿತು. ಆದರೂ ಹಂಸಗಳ ನೆನಪಾಗಿ, ಒಂದೊಂದು ಸಾಲು ಓದಿ, ಪೆನ್ಸಿಲಿನಿಂದ ಆಯಾ ವಸ್ತುವಿನ ಕಡೆ ತೋರಿಸಿ, ತಾಳೆ ನೋಡಿ, ಪಕ್ಕದಲ್ಲಿ ಒಂದೊಂದು ಗುರುತು ಹಾಕಿಕೊಂಡ. ಕವಿತೆಯಲ್ಲಿ ಒಂದು ಕೂದಲಿನಷ್ಟೂ ಸುಳ್ಳಿರಲಿಲ್ಲ. ಖುಷಿಯಿಂದ ಊಟಕ್ಕೆ ಮನೆಗೆ ಹೋದ. ಅಲ್ಲೂ ಹೆಂಡತಿಯ ಸೂಜಿಗೆ ಸಿಗದೆ ಕವಿತೆಯನ್ನೇ ಬಾಯಿಪಾಠ ಮಾಡಿದ.

ಅವನು ತಿರುವಿನಲ್ಲಿ ಮರೆಯಾದದ್ದೇ ತಡ, ಬೀದಿಯವರೆಲ್ಲ ತಾತನ ಬಾಗಿಲ ಮುಂದೆ ಸೇರಿದರು. ಇದು ತಪಾಸಣೆಯಲ್ಲದೆ ಬೇರೇನೂ ಅಲ್ಲ ಅಂತ ತಾತ ತೀರ್ಪು ಕೊಟ್ಟರು. ನಲ್ಲಿಯ ಕಡೆ ಒಂದು ಗುರುತು, ಬೆಂಚಿನ ಕಡೆ ಒಂದು ಗುರುತು, ಕಣ್ಣಾರೆ ಕಂಡಿದ್ದಾರೆ. ಸಂಜೆ ಮೇಲಧಿಕಾರಿಗಳನ್ನು ಕರೆತರುತ್ತಾನೆ, ಅಷ್ಟರೊಳಗೆ ಎಲ್ಲ ಸರಿಯಾಗಿರಲಿ ಅಂದರು. ಆರು ವರ್ಷದಿಂದ ಇದಕ್ಕಾಗಿಯೇ ತಾತ ಬರೆದ ಹದಿನಾಲ್ಕು ಅರ್ಜಿಗೆ ಅಲುಗಾಡದ ಬೀದಿ ಒಬ್ಬನ ಪೆನ್ಸಿಲಿಗೆ ಹೆದರಿ ಕೆಲಸಕ್ಕೆ ಬಿತ್ತು.

ನಾಲ್ಕೂವರೆಗೆ ತಿರುವಿನಲ್ಲಿ ಕಾಣಿಸಿಕೊಂಡ ಮೀಟರಣ್ಣ ಮೊದಲು ಬೀದಿ ತಪ್ಪಿ ಬಂದೆನೆಂದುಕೊಂಡ. ಹೊಸ ನಲ್ಲಿ ಫಳಫಳ ಹೊಳೆಯುತ್ತಿತ್ತು. ತಗ್ಗಿಗೆ ಜಲ್ಲಿ ಬಿದ್ದಿತ್ತು, ಗುಬ್ಬಿಗಳ ಪತ್ತೆಯಿರಲಿಲ್ಲ. ಬೆಂಚು ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿತ್ತು. ಬೋರ್ಡು ನಾಲ್ಕು ಮೊಳೆ ಹೊಡೆಸಿಕೊಂಡು ಗೋಡೆಗೆ ಅಂಟಿತ್ತು. ಸೈಕಲ್ಲಿಗೆ ಎರಡೂ ಚಕ್ರ ಬಂದು, ಶಾಪಿನವನು ಅದರ ಗಂಟೆ ಬಾರಿಸಿ ತೋರಿಸುತ್ತಿದ್ದ.

ಮೀಟರಣ್ಣ ಟೈಲರಮ್ಮನ ಹತ್ತಿರ ಓಡಿದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ನಿಜ ಬಾಯಿಬಿಟ್ಟ.

"ಅಮ್ಮಾ, ನಾನು ಬರೀತಿದ್ದಿದ್ದು ಕವಿತೆ. ದಯವಿಟ್ಟು ಮೂರು ಮೊಳೆ ಕಿತ್ತುಬಿಡಿ. ಅರ್ಧ ಗಂಟೆ ಸಾಕು, ಆಮೇಲೆ ನಾನೇ ಹೊಡೆದುಕೊಡ್ತೀನಿ."

"ನಮ್ಮನ್ನ ಪರೀಕ್ಷೆ ಮಾಡ್ತಿದೀರಾ ಅಣ್ಣಾ?" ಅಂದರು ಟೈಲರಮ್ಮ. "ಕಿತ್ತ ತಕ್ಷಣ ಬರ್ಕೊಳ್ಳೋಕಾ?"

ಸೈಕಲ್ ಶಾಪಿನವನು ಚಕ್ರದ ಮೇಲೆ ಕೈಯಿಟ್ಟು ಮುಟ್ಟಲು ಬಿಡಲಿಲ್ಲ. ಬೆಂಚಿನ ಮೇಲೆ ಮೂವರು ಬಂದು ಕೂತುಬಿಟ್ಟರು. ಉಳಿದದ್ದು ನಲ್ಲಿ. ಒಂದು ಸಾಲಾದರೂ ಉಳಿಯಲಿ, ಒಂದು ತೊಟ್ಟು ಬಿದ್ದರೆ ಸಾಕು ಅಂತ ಶಾಪಿನ ಸ್ಪ್ಯಾನರ್ ಎತ್ತಿಕೊಂಡು ಮೆಲ್ಲಗೆ ತಿರುಗಿಸಿದ. ಇಪ್ಪತ್ತು ವರ್ಷ ನೀರಿನ ಇಲಾಖೆಯಲ್ಲಿದ್ದರೂ ಅವನು ಮೀಟರ್ ಓದಿದ್ದನೇ ಹೊರತು ನಲ್ಲಿ ಬಿಚ್ಚಿದವನಲ್ಲ. ನಲ್ಲಿ ಪೂರ್ತಿಯಾಗಿ ಕೈಗೇ ಬಂತು. ಚಿಮ್ಮಿದ ನೀರು ಅವನ ಮುಖ, ಅಂಗಿ, ಕವಿತೆ ಎಲ್ಲವನ್ನೂ ತೋಯಿಸಿತು. ಕಿಟಕಿಯಲ್ಲಿ ತಾತನ ಪೆನ್ನು ಓಡುತ್ತಲೇ ಇತ್ತು.

ಸರಿಯಾಗಿ ಅದೇ ಹೊತ್ತಿಗೆ ಮೇಡಂ ಹಾಜರಿ ಪುಸ್ತಕ ಹಿಡಿದು, ಹಿಂದೆ ಆರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದರು. ಮೀಟರಣ್ಣ ಒದ್ದೆ ಹಾಳೆ ಬಿಡಿಸಿ ಓದಿದ. ಆರು ಕತ್ತುಗಳು ಅತ್ತಿತ್ತ ತಿರುಗಿದವು.

"ನಲ್ಲಿ ತೊಟ್ಟಿಕ್ತಾ ಇಲ್ಲ, ಸುರೀತಿದೆ," ಅಂದರು ಮೇಡಂ. ಬೆಂಚಿನ ಕಾಲು ಎಣಿಸಿದರು. ಬೋರ್ಡನ್ನು ಬೆರಳಿನಿಂದ ತಟ್ಟಿ ನೋಡಿದರು. ಮಧ್ಯಾಹ್ನದವರೆಗೂ ಎಲ್ಲ ಹಾಗೇ ಇತ್ತು ಅಂತ ಮೀಟರಣ್ಣ ಅಳುವ ದನಿಯಲ್ಲಿ ಹೇಳಿದ. ಹಂಸಗಳ ವಿಷಯದಲ್ಲೂ ಅವನು ಹೀಗೇ ಏನೋ ಹೇಳಿದ್ದು ಮೇಡಂಗೆ ನೆನಪಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಅಡ್ಡಗೆರೆ ಬಿತ್ತು.

ಅಷ್ಟರಲ್ಲಿ ತಾತ ಬಂದರು. ದೊಡ್ಡ ಪುಸ್ತಕ, ಹಿಂದೆ ಆರು ಜನ; ಇವರೇ ಮೇಲಧಿಕಾರಿ ಅನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಎರಡೂ ಕೈಯಿಂದ ದೂರಿನ ಕಾಗದ ಒಪ್ಪಿಸಿದರು. ಮೇಡಂ ಅಭ್ಯಾಸಬಲದಿಂದ ಅದನ್ನು ಒಂದೊಂದೇ ಸಾಲಾಗಿ ಗಟ್ಟಿಯಾಗಿ ಓದಿದರು.

ನೀಲಿ ಅಂಗಿ. ಎರಡನೆಯ ಗುಂಡಿ ಇಲ್ಲ.
ಪೆನ್ಸಿಲು ಕಿವಿಯ ಮೇಲಿದೆ, ಹುಡುಕುವುದು ಜೇಬಿನಲ್ಲಿ.
ಹತ್ತು ಗಂಟೆಯಿಂದ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ.
ಕೇಳಿದರೆ, ಸುಮ್ಮನೆ ನೋಡುತ್ತಿದ್ದೇನೆ ಅನ್ನುತ್ತಾನೆ.
ಬಾಯಿ ತೆರೆದೇ ಇರುತ್ತದೆ.
ಈಗ ನೆನೆದು ನಿಂತಿದ್ದಾನೆ. ಸೂಕ್ತ ಕ್ರಮಕ್ಕಾಗಿ ವಿನಂತಿ.

ಆರು ಕತ್ತುಗಳು ಒಟ್ಟಿಗೆ ಮೀಟರಣ್ಣನ ಕಡೆ ತಿರುಗಿದವು. ಅಂಗಿ ಇತ್ತು, ಗುಂಡಿ ಇರಲಿಲ್ಲ. ಪೆನ್ಸಿಲು ಕಿವಿಯ ಮೇಲಿತ್ತು. ಬಾಯಿ ತೆರೆದೇ ಇತ್ತು. ಒಬ್ಬ ವಿದ್ಯಾರ್ಥಿ ಸಣ್ಣಗೆ ಚಪ್ಪಾಳೆ ತಟ್ಟಿದ.

"ಎಷ್ಟು ವರ್ಷದಿಂದ ಬರೀತಿದೀರಿ?" ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು.

"ನಲವತ್ತು ವರ್ಷದಿಂದ. ಒಂದಕ್ಕೂ ಉತ್ತರ ಬಂದಿಲ್ಲ," ಅಂದರು ತಾತ.

"ಒಳ್ಳೆ ಕವಿಗಳಿಗೆ ಬರೋದಿಲ್ಲ," ಅನ್ನುತ್ತ ಮೇಡಂ ಅಡ್ಡಗೆರೆ ಬಿದ್ದ ಜಾಗದಲ್ಲೇ ತಾತನ ಹೆಸರು ಬರೆದುಕೊಂಡರು. ಹೊರಡುವ ಮುಂಚೆ ಮೀಟರಣ್ಣನ ಹತ್ತಿರ ಬಂದು ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದರು. ಮುಂದಿನ ಭಾನುವಾರ ಪುಸ್ತಕದ ಬಿಡುಗಡೆ ಇದೇ ಬೀದಿಯಲ್ಲಿ. ಬಂದವರೆಲ್ಲ ತಾತನ ಕವಿತೆಯನ್ನು ಒಂದೊಂದೇ ಸಾಲಾಗಿ ತಾಳೆ ನೋಡುತ್ತಾರೆ. ಹತ್ತು ಗಂಟೆಗೇ ಬಂದು ಮೆಟ್ಟಿಲ ಮೇಲೆ ಕೂತಿರಬೇಕು, ನೆನೆಸುವ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅಕ್ಕ ಆಗಲೇ ಎರಡು ಸಲ ಫೋನು ಮಾಡಿದ್ದಳಂತೆ.

"ಪುಸ್ತಕದಲ್ಲಿ ಬರುತ್ತಾ ಇಲ್ವಾ, ಏನು ಹೇಳ್ಲಿ?"

ಮೀಟರಣ್ಣ ಕಿವಿಯ ಮೇಲಿನ ಪೆನ್ಸಿಲು ತೆಗೆದಿಟ್ಟ. "ನಾನು ಪುಸ್ತಕದಲ್ಲಿದೀನಿ ಅಂತ ಹೇಳು," ಅಂದ.

ಅವಳ ಮುಖ ಅರಳಿತು. ಬೆಳಗಿನಿಂದ ಅಲ್ಲೇ ಇಟ್ಟಿದ್ದ ಸೂಜಿ ದಾರ ತಂದು, ಒದ್ದೆ ಅಂಗಿಯನ್ನು ಪ್ರೀತಿಯಿಂದ ಹಿಡಿದು ಗುಂಡಿ ಹಚ್ಚಲು ಹೋದಳು. ಮೀಟರಣ್ಣ ಅವಳ ಕೈ ತಡೆದ.

"ಬೇಡ ಕಣೇ, ಬಿಟ್ಬಿಡು. ಅದು ಮೊದಲನೇ ಸಾಲು."