ಮಾವನ ಮೂಗಿಗೊಂದು ಗುಲಾಬಿ

ನನ್ನ ಸೋದರಮಾವನಿಗೆ ಮೂಗಿಲ್ಲ. ಗಾಬರಿಯಾಗಬೇಡಿ, ಮುಖದ ನಡುವೆ ಅದು ಗಟ್ಟಿಯಾಗಿಯೇ ಕೂತಿದೆ. ಕನ್ನಡಕ ನಿಂತಿರುವುದೂ ಅದರ ಮೇಲೆಯೇ. ಆದರೆ ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನು ಜೊತೆಗೇ ಒಯ್ದಿತು. ಇಂಥ ಮನುಷ್ಯ ಹಳದೀಪುರದ ತನ್ನ ಅಂಗಳದಲ್ಲಿ ಬೆಳೆಸುವುದೇನು ಗೊತ್ತೇ? ಪರಿಮಳದ ಕೆಂಪು ಗುಲಾಬಿ!

ಇದಕ್ಕೆಲ್ಲ ಕಾರಣ ಹೊನ್ನಾವರದ ಡಾಕ್ಟರರ ಒಂದು ಮಾತು. "ದಿನಾ ಲವಂಗ, ನಿಂಬೆಹಣ್ಣು, ಗುಲಾಬಿ ಮೂಸಿ. ಮೂಗಿಗೆ ಮತ್ತೆ ಪಾಠ ಕಲಿಸಬೇಕು" ಎಂದರಂತೆ. ಜೀವಮಾನವೆಲ್ಲ ಮಾಸ್ತರಿಕೆ ಮಾಡಿದವನಿಗೆ ಇಷ್ಟು ಸಾಲದೇ? ಪೇಟೆಯ ಗುಲಾಬಿ ತಂದ. ಅತ್ತೆ ಮೂಸಿ, "ಪರಿಮಳವೇ ಇಲ್ಲೆ" ಎಂದಳು. ಅತ್ತೆ ಅಷ್ಟೇ ಮಾತಿನವಳು. ಮಾವ ಮರುದಿನವೇ ನರ್ಸರಿಗೆ ಹೋಗಿ, ಪೊದೆಯಾಗಿ ಹಬ್ಬುವ ಕಡುಗೆಂಪು ಜಾತಿಯ ಆರು ಗಿಡ ತಂದು ನೆಟ್ಟ.

ಗಿಡಗಳು ನೆಟ್ಟಲ್ಲೇ ಮುನಿಸಿಕೊಂಡು ನಿಂತವು. ಬೀದಿಯಲ್ಲಿ ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನಿನವಳು ಬೇಲಿಯಾಚೆಯಿಂದಲೇ ಔಷಧಿ ಹೇಳಿದಳು: ಮೀನು ತೊಳೆದ ನೀರು! ಬೆಳ್ಳುಳ್ಳಿಗೂ ಒಳಗೆ ಪ್ರವೇಶವಿಲ್ಲದ ಮನೆ ಅದು. ಆದರೂ ಮಾವ ಬೇಲಿಯ ಪಕ್ಕ ಒಂದು ಡ್ರಮ್ಮು ಇಟ್ಟ. ಅವಳು ದಿನಾ ನೀರು ಸುರಿದು ನಗುತ್ತಿದ್ದಳು: "ಮೀನು ಬೇಡ, ಮೀನು ತೊಳೆದ ನೀರು ಬೇಕು! ಇದೆಂತ ಮಡಿ, ಮಾಸ್ತರ್ರೇ?"

ಮಾವ ಆ ನೀರಿಗೆ ಶೇಂಗಾ ಹಿಂಡಿಯನ್ನೂ ಸೇರಿಸಿ ಕೊಳೆಹಾಕಿದ. ಆ ನಾತವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬಸ್ಸಿಗೆ ಹೋಗುವವರು ಆ ಬೇಲಿ ಬಂದೊಡನೆ ಓಡುತ್ತಿದ್ದರು. ಕೋಲಿನಿಂದ ಡ್ರಮ್ಮು ಕಲಕುತ್ತ ನಿಂತ ಮಾವ ಮಾತ್ರ, "ಈಗಿನ ಜನಕ್ಕೆ ಎರಡು ಮಾತಾಡೂಲೂ ಪುರಸೊತ್ತಿಲ್ಲೆ" ಎಂದು ನಿಟ್ಟುಸಿರು ಬಿಡುತ್ತಿದ್ದ!

ಹೂ ಬಂತು, ನೋಡಿ, ಅಂಗೈ ಅಗಲ! ದೇವರಿಗೆ ಏರಿಸಲು ಹೋದರೆ ಪೂಜೆಯ ಭಟ್ಟರು ತಡೆದರು. ಮೀನು ತಿಂದ ಹೂವಂತೆ. "ಗಂಗೆಯಲ್ಲಿ ಮೀನಿಲ್ಲೆಯಾ ಭಟ್ರೇ?" ಎಂದ ಮಾವ. ಭಟ್ಟರು ಜೋರಾಗಿ ಗಂಟೆ ಬಾರಿಸಿದರು.

ಮಳೆಗಾಲದಲ್ಲಿ ಮೊಗ್ಗು ಕೊಳೆಯಬಾರದೆಂದು ಗಿಡಕ್ಕೆ ಕೊಡೆ ಹಿಡಿದು ತಾನು ನೆನೆದ. ಶೀತವಾಗಿ ಮೂಗು ಕಟ್ಟಿತು. ಎಂಟು ದಿನ ಅವನಿಗೆ ಅದು ಗೊತ್ತೇ ಆಗಲಿಲ್ಲ!

ಮನೆಗೆ ಬಂದವರಿಗೆಲ್ಲ ಪರೀಕ್ಷೆ. ಪೋಸ್ಟಿನವನು ಹೂ ಮೂಸಿ "ಚಲೋ ಇದೆ" ಎಂದರೆ, "ಚಲೋ ಅನ್ನೋದು ಉತ್ತರ ಅಲ್ಲ, ವಿವರಿಸು!" ಅತ್ತೆಗೂ ದಿನಾ ಬೆಳಿಗ್ಗೆ ಪರೀಕ್ಷೆ. ಮೊದಲ ದಿನ "ಗುಲಾಬಿ ನಮನಿ ಇದ್ದು" ಎಂದು ಚುಟುಕಾಗಿ ಹೇಳಿ ಸೊನ್ನೆ ಪಡೆದಳು. ದಿನದಿನಕ್ಕೆ ಉದ್ದವಾಗುತ್ತಿದ್ದ ಅವಳ ಉತ್ತರ ಕೇಳುತ್ತ ತಾನೂ ಮೂಸುವುದು, ಏನೂ ಬಾರದೆ ತಲೆಯಾಡಿಸುವುದು, ಇದು ಮಾವನ ನಿತ್ಯಕರ್ಮವಾಯಿತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಹೋದಾಗ ಮಾವ ಡ್ರಮ್ಮಿನ ಮುಚ್ಚಳ ತೆಗೆಯುತ್ತಿದ್ದ. ತೆಗೆದವನೇ "ಥೂ!" ಎಂದು ಹಾರಿ ಹಿಂದೆ ಸರಿದು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡ. ನಾನು ಬಾಯಿ ಬಿಟ್ಟು ನಿಂತೆ.

"ಮಾವಾ, ವಾಸನೆ ಬಂತಾ?"

ಅವನು ಅಡುಗೆಮನೆಯ ಕಡೆ ನೋಡಿ ಪಿಸುಗುಟ್ಟಿದ: "ಎಂಟು ದಿನ ಆತು. ಅತ್ತೆ ಹತ್ರ ಹೇಳಡ."

"ಎಂತಕ್ಕೆ?"

"ನಲವತ್ತು ವರ್ಷದಲ್ಲಿ ನಿನ್ನತ್ತೆ ಇಷ್ಟು ಮಾತಾಡಿದ್ದು ಕೇಳಿದ್ನಿಲ್ಲೆ, ತಮಾ. ಮೂಗು ಬಂತು ಹೇಳಿದ್ರೆ ಮಾತು ನಿಂತುಹೋಗ್ತು."

ಅಷ್ಟರಲ್ಲಿ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ಕೂತಳು. ಮಾವ ಹೂವೊಂದನ್ನು ಕೊಯ್ದು ಅವಳ ಕೈಗಿಟ್ಟು, "ಇವತ್ತು ಹೇಂಗಿದ್ದು?" ಎಂದ.

"ಮೊದಲು ಹೊಸ ಬೆಲ್ಲದ ನಮನಿ ಬತ್ತು. ಆಮೇಲೆ ಚೂರು ಲವಂಗ" ಎಂದು ಶುರುಮಾಡಿದ ಅತ್ತೆ ಎಲ್ಲಿಗೋ ಹೋಗಿಬಿಟ್ಟಳು. "ಸಣ್ಣಿಪ್ಪಾಗ ಯಂಗಳ ಮನೆ ಬಾವಿಕಟ್ಟೆ ಹತ್ರ ಇಂಥದ್ದೇ ಗಿಡ ಇತ್ತು. ಶಾಲೆಗೆ ಹೋಪಾಗ ಆಯಿ ಒಂದು ಕೊಯ್ದು ಜಡೆಗೆ ಸಿಕ್ಕಿಸ್ತಿತ್ತು..."

ಎರಡು ವರ್ಷ ಮಾವನನ್ನು ಆಡಿಕೊಂಡು ನಕ್ಕ ನಾನು ಡ್ರಮ್ಮಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದೆ. ಹೂವಿನ ಪರಿಮಳ ನಾನು ನಿಂತಲ್ಲಿಗೂ ಬರುತ್ತಿತ್ತು. ಮಾವ ಏನೂ ತಿಳಿಯದವನಂತೆ ಅವಳ ಮುಖವನ್ನೇ ನೋಡುತ್ತ ಕೇಳಿದ:

"ಮತ್ತೆ?"