ಅಂಗೈಗೆ ಎರಡು ದಿನ ರಸಂ ವರ್ಜ್ಯ

ಉಪದೇಶ ಮಾಡಿ ಸಂಬಳ ತೆಗೆದುಕೊಳ್ಳುವವರಿಗೆ ಗಾಯ ಆಗಲೇಬಾರದು. ಆಯಿತೋ, ಮರ್ಯಾದೆ ಉಳಿಯುವುದಿಲ್ಲ. ನಾನು ಮಲೇಷ್ಯಾದ ನಿಲಾಯ್ ಊರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸರ್ಜರಿ ಪಾಠ ಮಾಡುವವಳು. ‘ಹೊಲಿಗೆ ಬಿಚ್ಚಿದ ಕೂಡಲೇ ಗಾಯ ವಾಸಿಯಾಯಿತು ಅಂದುಕೊಳ್ಳುವವರು ದಡ್ಡರು’ ಎಂದು ಪ್ರತಿವರ್ಷ ಮೇಜು ಕುಟ್ಟಿ ಹೇಳುತ್ತೇನೆ. ಇಂಥ ನಾನು ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಜೊತೆ ಜಿದ್ದಿಗೆ ಬಿದ್ದು, ಬಾಟಲಿ ಒಡೆದು, ಬಲ ಅಂಗೈಗೆ ಆರು ಹೊಲಿಗೆ ಹಾಕಿಸಿಕೊಂಡೆ. ಹಾಕಿದವಳು ನನ್ನ ಹಳೆಯ ವಿದ್ಯಾರ್ಥಿನಿ ಕವಿತಾ. ಮೂರನೇ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದ ಹುಡುಗಿ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿ, ಮೇಲೆ ಸಣ್ಣ ಪಟ್ಟಿಗಳನ್ನು ಅಂಟಿಸಿ ಹೇಳಿದಳು: “ಎರಡು ದಿನ ಒದ್ದೆ ಮಾಡ್ಬೇಡಿ ಮೇಡಂ. ಪಟ್ಟಿ ತಾನಾಗೇ ಬೀಳ್ಲಿ, ಕೀಳ್ಬೇಡಿ. ಊಟ ಚಮಚದಲ್ಲೇ ಲಾ.” ಕೊನೆಗೆ ಅಂಟಿಸಿದ ಮಲೇಷ್ಯಾದ ‘ಲಾ’ ಒಂದು ಬಿಟ್ಟರೆ ಅಷ್ಟೂ ನನ್ನದೇ ಮಾತು! ಹಾಗಾದರೆ ಇವಳು ತೂಕಡಿಸುತ್ತಲೇ ಇರಲಿಲ್ಲ. ನನಗೆ ಸಿಟ್ಟೇ ಬಂತು. ಆದರೂ ತಲೆಯಾಡಿಸಿದೆ, ಮುಂದಿನ ವಾರ ತರಗತಿಯ ಮಕ್ಕಳಿಗೆ ಹೊಲಿಗೆಯ ಗಂಟು ಹಾಕಿ ತೋರಿಸಬೇಕಾದ ಕೈ ಅದು.

ದಾರಿಯಲ್ಲಿ ನಮ್ಮವರು ಬಾಳೆಲೆ ಊಟದ ಹೋಟೆಲಿನ ಮುಂದೆ ಕಾರು ನಿಲ್ಲಿಸಿದರು. ತಪ್ಪು ಅವರದು. “ಡಾಕ್ಟ್ರಮ್ಮ, ಚಮಚ ತರ್ಸ್ಲಾ?” ಎಂದರು.

“ಹೊಲಿಗೆಯೇ ಬಿಚ್ಚಿ ಆಯ್ತಲ್ಲ, ಇನ್ನೆಂಥ ಚಮಚ ಮಾರಾಯ್ರೆ!”

ಹನ್ನೆರಡು ದಿನ ಚಮಚದಲ್ಲಿ ಸಾರನ್ನ ತಿಂದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ಅದರಿಂದ ಹೊಟ್ಟೆ ತುಂಬುತ್ತದೆ, ಊಟ ಆಗುವುದಿಲ್ಲ. ಹಪ್ಪಳ ಪುಡಿ ಮಾಡಿ ಅನ್ನ ಕಲಸಿದೆ. ಒದ್ದೆಯಾದ ಪಟ್ಟಿ ಅಡ್ಡ ಬಂತು, ಕಿತ್ತೆ. ಕೊನೆಗೆ ಅಂಗೈ ಬಟ್ಟಲು ಮಾಡಿ ರಸಂ ಹಾಕಿಸಿಕೊಂಡೆ. ಅಯ್ಯಯ್ಯೋ, ನೆತ್ತಿಗೇರಿತು ಉರಿ! ಗಾಯದ ಒಂದು ತುದಿ ಬಾಯಿ ಬಿಟ್ಟಿತ್ತು.

ಒಂದೂವರೆ ಗಂಟೆಯೊಳಗೆ ಮತ್ತೆ ಕವಿತಾಳ ಮುಂದೆ. “ಕೈ ತೊಳೆಯುವಾಗ ಸ್ವಲ್ಪ ನೀರು…” ಎಂದು ಶುರು ಮಾಡಿದೆ. ಅವಳು ಅರಿಸಿನ ಬಣ್ಣ ಹತ್ತಿದ ನನ್ನ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು, “ರಸಂ ಚೆನ್ನಾಗಿತ್ತಾ ಮೇಡಂ?” ಎಂದಳು. ಆಮೇಲೆ ಬಹಳ ವಿನಯದಿಂದ, “ಪಾಠಕ್ಕೆ ಒಂದು ಫೋಟೊ ತಗೊಳ್ಲಾ? ಹೆಸರು ಹಾಕಲ್ಲ” ಎಂದಳು. ಬೇಡ ಎನ್ನಲು ಯಾವ ಮುಖ ಇತ್ತು?

ಮುಂದಿನ ವಾರ ಗಂಟು ಹಾಕಲು ಕೈ ಬಗ್ಗಲಿಲ್ಲ. ನನ್ನ ಬದಲು ಕವಿತಾ ಪಾಠಕ್ಕೆ ಬಂದಳು. ನಾನು ಬ್ಯಾಂಡೇಜು ಸುತ್ತಿದ ಕೈ ಹೊತ್ತು ಮೂರನೇ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ಹಳದಿ ಅಂಗೈ ಬಂತು. ಹೆಸರು ಹಾಕಿರಲಿಲ್ಲ, ಪುಣ್ಯಾತ್ಗಿತ್ತಿ. ಇಡೀ ತರಗತಿ ಪರದೆ ನೋಡಿತು, ನನ್ನ ಬ್ಯಾಂಡೇಜು ನೋಡಿತು.

“ಹೊಲಿಗೆ ಬಿಚ್ಚಿದ ಕೂಡ್ಲೇ ವಾಸಿಯಾಯ್ತು ಅಂದ್ಕೊಳ್ಳೋರು ಯಾರು?” ಎಂದು ಅವಳು ಕೇಳಿದಳು.

ನಾನೇ ಎಡಗೈ ಎತ್ತಿ “ದಡ್ಡರು” ಎಂದು ಉತ್ತರ ಹೇಳಿದೆ.