ಶಿಕಮೋ ಹೇಳದೆ ಬಾಯಿ ಹಾಕಿದ ಯಂತ್ರಕ್ಕೆ

ವಿಮಾನದ ಮುಂಭಾಗದಲ್ಲಿ ವಾಸವಾಗಿರುವ ಡಿಕ್ಕಿ-ಎಚ್ಚರಿಕೆ ಯಂತ್ರದವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ತಂತಿ-ದೀಪಗಳ ಪರಿವಾರವೂ ಕುಶಲವೆಂದು ನಂಬಿ, ಜಂಜಿಬಾರಿನ ಕಚೇರಿಗಳಿಗೆ ಊರವರ ಅರ್ಜಿ ಬರೆದುಕೊಡುತ್ತ ಕೈ ಪಳಗಿಸಿಕೊಂಡ ಮಕಾಮೆ ಹಾಜಿ ಎಂಬ ನಾನು ಸರ್ವರ ಸಮಕ್ಷಮ ಸಲ್ಲಿಸುವ ದೂರು ಏನೆಂದರೆ:

ಕಳೆದ ವಾರ ನನ್ನ ಮೊಮ್ಮಗಳು ಕ್ಯಾಪ್ಟನ್ ಜುವೇನಾ ನಡೆಸುತ್ತಿದ್ದ ವಿಮಾನದಲ್ಲಿ ನಾನು ದ್ವೀಪಕ್ಕೆ ಮರಳುತ್ತಿದ್ದೆ. ಪ್ರವಾಸಿಗರ ವಿಮಾನಗಳು ಹಲಸಿನ ಹಣ್ಣಿಗೆ ನೊಣ ಮುತ್ತಿದಂತೆ ಮುತ್ತುವ ನಿಲ್ದಾಣ ಸಮೀಪಿಸಿದಾಗ, ಅವಳು ನಿಯಂತ್ರಣ ಗೋಪುರದ ಹಿರಿಯ ಯಜಮಾನರಾದ ಬ್ವಾನಾ ಫಾಕಿಯವರನ್ನು ರೇಡಿಯೊದಲ್ಲಿ ಕರೆದಳು. ‘ತಮ್ಮ ಕಾಲಿಗೆರಗಿದೆ’ ಎಂಬರ್ಥದ ಶಿಕಮೋ ಹೇಳದೆ ಕಿರಿಯರು ಹಿರಿಯರೊಡನೆ ಮಾತೆತ್ತುವುದು ನಮ್ಮಲ್ಲಿ ಸಲ್ಲದು. ಬ್ವಾನಾ ಫಾಕಿಯವರಂತೂ ಈ ಸತ್ಸಂಪ್ರದಾಯವನ್ನು ಮೋಡಗಳವರೆಗೂ ವಿಸ್ತರಿಸಿದ ಮಹನೀಯರು. ಬಳಿಕ ನಡೆದ ವಿಚಾರಣೆಯಲ್ಲಿ ಎಲ್ಲರಿಗೂ ಕೇಳಿಸಿದ ಧ್ವನಿಮುದ್ರಣದಲ್ಲಿ ಹೀಗಿದೆ:

“ಶಿಕಮೋ, ಬಾಬಾ.”

“ಮರಹಬಾ, ಮಗಳೇ. ಅಜ್ಜನ್ನ ಕರ್ಕೊಂಡು ಬಂದ್ಯಾ? ಮೊಣಕಾಲು ಹೇಗಿದೆ ಅವನದು?”

“ಹಂಗೇ ಇದೆ, ಬಾಬಾ. ಬಾಯಿ ಮಾತ್ರ ಚೆನ್ನಾಗಿ ಓಡ್ತಿದೆ.”

“ಲವಂಗದೆಣ್ಣೆ ಹಚ್ಚೋಕೆ ಹೇಳು. ನಮ್ಮತ್ತೆಗೂ ಹೀಗೇ ಆಗಿ...”

ರೇಡಿಯೊದಲ್ಲಿ ಒಂದು ಸಲಕ್ಕೆ ಒಬ್ಬರ ಮಾತಿಗಷ್ಟೇ ಜಾಗ. ಆದಕಾರಣ, ಅದೇ ಎತ್ತರದಲ್ಲಿ ಎದುರಿನಿಂದ ಬರುತ್ತಿದ್ದ ಇನ್ನೊಂದು ವಿಮಾನದವರು, ಬ್ವಾನಾ ಫಾಕಿಯವರ ಅತ್ತೆಯ ಮೊಣಕಾಲು ವಾಸಿಯಾಗುವವರೆಗೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಇಂಥ ಸಜ್ಜನರ ಸಂಭಾಷಣೆಯ ನಡುವೆ ತಾವು, ಶಿಕಮೋ ಇಲ್ಲದೆ, ಒಂದು ಕೆಮ್ಮೂ ಇಲ್ಲದೆ, “ಕೆಳಗಿಳಿ! ಕೆಳಗಿಳಿ!” ಎಂದು ನನ್ನ ಮೊಮ್ಮಗಳ ಮೇಲೆ ಕಿರುಚಿದಿರಿ. ಎದುರಿನ ವಿಮಾನದಲ್ಲಿದ್ದ ತಮ್ಮ ಸಹೋದರ ಯಂತ್ರದವರು ಅಲ್ಲಿನವರಿಗೆ ಮೇಲೇರಲು ಹೇಳಿದರು. ಆಗ ಪರದೆಯತ್ತ ಕಣ್ಣು ಹಾಯಿಸಿದ ಬ್ವಾನಾ ಫಾಕಿಯವರು, “ಮೇಲಕ್ಕೆ ಹೋಗೇ, ಮೇಲಕ್ಕೆ!” ಎಂದು ಅಪ್ಪಣೆ ಕೊಟ್ಟರು. ಜುವೇನಾ ಇಳಿದಳು. ಎದುರಿನ ವಿಮಾನ ನಮ್ಮ ನೆತ್ತಿಯ ಮೇಲೆ ಹಾದುಹೋದಾಗ ಅದರ ಹೊಟ್ಟೆಯ ಮೇಲಿದ್ದ ಎಣ್ಣೆಯ ಕಲೆ ನನಗೆ ಕಾಣಿಸಿತು.

“ನಿನ್ನ ಯಂತ್ರ ಹುಟ್ಟೋಕೆ ಮೊದ್ಲಿಂದ ಈ ಆಕಾಶ ಕಾಯ್ತಿದೀನಿ ಕಣೇ! ನನ್ನ ಮಾತು ಮೀರ್ತೀಯಾ?”

“ತಪ್ಪಾಯ್ತು, ಬಾಬಾ. ಬದುಕಿದ್ದೀವಿ, ಬಾಬಾ.”

ಈ ಅವಿಧೇಯತೆಗಾಗಿ ಅವಳನ್ನು ಈಗ ನೆಲದ ಮೇಲೆ ಕೂರಿಸಲಾಗಿದೆ. ಅವಳು ಇನ್ನು ಮುಂದೆ ವಿಮಾನ ಹಾರಿಸಬಹುದೇ ಇಲ್ಲವೇ ಎಂಬುದು ಗುರುವಾರ ತೀರ್ಮಾನವಾಗಲಿದೆ. ಅವಳು ಹಿರಿಯರ ಮಾತು ಪಾಲಿಸಿದ್ದರೆ ನಾವೆಲ್ಲರೂ ಅತ್ಯಂತ ಗೌರವಾನ್ವಿತವಾಗಿ ಸಮುದ್ರ ಸೇರುತ್ತಿದ್ದೆವು. ಇಂಥ ಅವಕಾಶ ತಪ್ಪಿಸಿದ ಸಂಪೂರ್ಣ ಹೊಣೆ ತಮ್ಮದು.

ಆದುದರಿಂದ ತಾವು ಗುರುವಾರ ಖುದ್ದಾಗಿ ನಡೆದು ಬಂದು, ಹಿರಿಯರ ಕಾಲಿಗೆರಗಿ, ‘ಆ ಹುಡುಗಿಗೆ ಇಳಿಯಲು ಹೇಳಿದವನು ನಾನೇ’ ಎಂದು ಸಾಕ್ಷಿ ನುಡಿಯಬೇಕೆಂದೂ, ಇನ್ನು ಮುಂದೆ ಎರಡು ವಿಮಾನಗಳು ಎದುರಾದಾಗ ಎರಡರಲ್ಲೂ ಇರುವವರ ವಯಸ್ಸು, ವಂಶ, ಆರೋಗ್ಯಗಳನ್ನು ಸಾವಕಾಶವಾಗಿ ವಿಚಾರಿಸಿದ ಬಳಿಕವೇ ಕಿರುಚಬೇಕೆಂದೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.

ತಮ್ಮ ದಯೆಯಿಂದ ಇನ್ನೂ ಉಸಿರಾಡುತ್ತಿರುವ,
ತಮ್ಮ ವಿಶ್ವಾಸಿ,
ಮಕಾಮೆ ಹಾಜಿ

ತಾ.ಕ.: ಬ್ವಾನಾ ಫಾಕಿಯವರು ಮಗಳ ಮದುವೆಗೆಂದು ಕುಟುಂಬ ಸಮೇತ ವಿಮಾನದಲ್ಲಿ ಸಮುದ್ರದಾಚೆಯ ದಾರ್ ನಗರಕ್ಕೆ ಹೊರಟಿದ್ದಾರೆ. ಟಿಕೆಟ್ ಕೊಳ್ಳುವಾಗ ಅವರು ಕೇಳಿದ್ದು ಎರಡೇ ಪ್ರಶ್ನೆಯಂತೆ: ವಿಮಾನದಲ್ಲಿ ತಾವು ಇದ್ದೀರೋ ಇಲ್ಲವೋ, ಮತ್ತು ಚಾಲಕರು ಯಂತ್ರದವರಾದ ತಮ್ಮ ಮಾತು ಕೇಳುವವರೋ ಅಲ್ಲವೋ.